ಚಿನ್ನ ಕದ್ದ ತಾಯಿ, ಊರುಗೋಲು ಕೊಟ್ಟ ಮಗ

ಮಕ್ಕಳ ಕಥೆಯಲ್ಲಿ ತಾಯಿ ಕಳ್ಳತನ ಮಾಡುವುದುಂಟೇ? ನಾವು ಕೇಳಿ ಬೆಳೆದ ಕಥೆಗಳಲ್ಲಿ ತಾಯಿ ಎಂದರೆ ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಮುಂದೆ ಹೋಗಿ ನಿಂತವಳು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕೆಟ್ಟ ಕೆಲಸ ಏನಿದ್ದರೂ ಅದು ಮಲತಾಯಿಗೆ, ಸವತಿಗೆ, ರಾಕ್ಷಸಿಗೆ ಮೀಸಲು. ಹೆತ್ತ ತಾಯಿ ಅಳಬಹುದು, ಹಸಿದಿರಬಹುದು, ಸಾಯಲೂಬಹುದು. ಕದಿಯುವ ಹಾಗಿಲ್ಲ.

ಅಂಥ ಕದಿಯುವ ತಾಯಿಯೊಬ್ಬಳು ಅಮೆರಿಕದ ಮನೆಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಕಣ್ಣೆದುರಿಗೆ ಹಾಡುತ್ತಾ ಬಂದಿದ್ದಾಳೆ. ಅವಳ ಕಥೆ ನನಗೆ ಸಿಕ್ಕಿದ್ದು ಇಲ್ಲಿ ಪುಣೆಯಲ್ಲಿ, ಅಪ್ಪಾ ಬಳವಂತ ಚೌಕದ ಹತ್ತಿರ, ಹಳೆಯ ಪುಸ್ತಕಗಳ ರಾಶಿಯಲ್ಲಿ. ಮಗಳಿಗೆ ಚಿತ್ರದ ಪುಸ್ತಕ ಹುಡುಕುತ್ತಿದ್ದೆ. ‘ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್’ ಎಂದು ಹೆಸರು, 1986ರ ಮುದ್ರಣ, ಚಿತ್ರಗಳು ಕೆನಡಾದ ಮಿಶೆಲ್ ಲೆಮಿಯೂ ಎಂಬ ಕಲಾವಿದೆಯವು. ಅಮಾಲ್ ಎಂಬ ಹುಡುಗ ಮತ್ತು ರಾತ್ರಿ ಬಂದ ಅತಿಥಿಗಳು ಎಂದಿಟ್ಟುಕೊಳ್ಳಿ. ಮನೆಗೆ ತಂದು ಓದಿದ ಮೇಲೆ ಗೊತ್ತಾಯಿತು, ಇದು ಮೊದಲು ಪುಸ್ತಕವಲ್ಲ, ಒಪೆರಾ ಎಂದು. ಅಲ್ಲಿಂದ ಶುರುವಾದ ಹುಡುಕಾಟವನ್ನು ನಮ್ಮ ಮಹಿಳಾ ವಿಭಾಗದ ಈ ಸಂಚಿಕೆಗೆ ಬರೆದು ಕೊಡುತ್ತಿದ್ದೇನೆ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಬರೆಯುವವಳಿಗೆ ಒಪೆರಾ ಇತಿಹಾಸ ಯಾಕೆ ಎಂದು ಮನೆಯಲ್ಲೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಕುತೂಹಲ ಇತ್ತು.

ಒಪೆರಾ ಎಂದರೆ ಗಾಬರಿಯಾಗಬೇಕಿಲ್ಲ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ನೋಡಿದವರಿಗೆ ಗೀತನಾಟಕ ಹೊಸದಲ್ಲ. ಪಾತ್ರಗಳು ಮಾತನಾಡುವ ಬದಲು ಹಾಡುತ್ತವೆ, ಹಿಂದೆ ವಾದ್ಯಮೇಳ ಇರುತ್ತದೆ. ಹೆಚ್ಚಿನ ಒಪೆರಾಗಳು ಎರಡು ಮೂರು ಗಂಟೆ ನಡೆಯುತ್ತವೆ. ‘ಅಮಾಲ್’ ಒಂದು ಗಂಟೆಯೂ ಇಲ್ಲ. ಅದಕ್ಕೆ ಕಾರಣವಿದೆ. ಅದನ್ನು ಬರೆದದ್ದು ನಾಟಕಶಾಲೆಗಲ್ಲ, ಟೆಲಿವಿಷನ್‌ಗೆ. ಟಿವಿಗೆಂದೇ ಅಮೆರಿಕದಲ್ಲಿ ಬರೆಸಿದ ಮೊದಲ ಒಪೆರಾ ಅದು.

ಬರೆದವರು ಜಿಯಾನ್ ಕಾರ್ಲೊ ಮೆನೊಟ್ಟಿ. 1911ರಲ್ಲಿ ಇಟಲಿಯ ಉತ್ತರದ ತುದಿಯಲ್ಲಿ, ಲುಗಾನೊ ಸರೋವರದ ಹತ್ತಿರದ ಕಾದೆಲ್ಯಾನೊ ಎಂಬ ಊರಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದು ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಂಗೀತ ಕಲಿತರು. ಸಂಗೀತವನ್ನಷ್ಟೇ ಅಲ್ಲ, ಅದರ ಸಾಹಿತ್ಯವನ್ನೂ ತಾವೇ ಬರೆಯುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ. ನಮ್ಮ ವಾಗ್ಗೇಯಕಾರರ ಹಾಗೆ ಎನ್ನಬಹುದು. 1939ರಲ್ಲಿ ಎನ್‌ಬಿಸಿ ಸಂಸ್ಥೆಗೆ ರೇಡಿಯೊ ಒಪೆರಾ ಬರೆದುಕೊಟ್ಟಿದ್ದರು. ‘ದಿ ಕಾನ್ಸಲ್’ ಎಂಬ ಇನ್ನೊಂದು ಒಪೆರಾಕ್ಕೆ 1950ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಈ ಸಲ ಅದೇ ಎನ್‌ಬಿಸಿ ಟಿವಿಗೆ ಒಂದು ಕ್ರಿಸ್‌ಮಸ್ ಒಪೆರಾ ಬೇಕೆಂದಿತು.

ಒಪ್ಪಿಕೊಂಡದ್ದಾಯಿತು, ಬರೆಯಲು ಏನೂ ತೋಚಲಿಲ್ಲ. ದಿನ ಹತ್ತಿರ ಬರುತ್ತಿತ್ತು. (ಡೆಡ್‌ಲೈನ್ ಎದುರಿಟ್ಟುಕೊಂಡು ಖಾಲಿ ಪರದೆ ನೋಡುತ್ತಾ ಕೂತ ಅನುಭವ ನಮ್ಮ ಕ್ಷೇತ್ರದವರಿಗೆ ಹೇಳಿಕೊಡಬೇಕಿಲ್ಲ.) ನವೆಂಬರಿನ ಒಂದು ಮಧ್ಯಾಹ್ನ ಬೇಸರದಲ್ಲೇ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಸುತ್ತುತ್ತಿದ್ದಾಗ, ಹಿರೋನಿಮಸ್ ಬಾಷ್ ಎಂಬ ಹಳೆಯ ಚಿತ್ರಕಾರನ ಒಂದು ಚಿತ್ರದ ಮುಂದೆ ನಿಂತರು. ಹಸುಗೂಸು ಯೇಸುವನ್ನು ನೋಡಲು ಬಂದ ಮೂವರು ರಾಜರ ಚಿತ್ರ. ಅದನ್ನು ನೋಡುತ್ತಿದ್ದಂತೆ ತನ್ನ ಬಾಲ್ಯದ ರಾತ್ರಿಗಳು ನೆನಪಿಗೆ ಬಂದವು ಎಂದು ಅವರೇ ಬರೆದಿದ್ದಾರೆ.

ಈ ರಾಜರ ವಿಷಯ ಸ್ವಲ್ಪ ಹೇಳಬೇಕು. ಬೈಬಲ್‌ನ ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಪೂರ್ವ ದೇಶದಿಂದ ನಕ್ಷತ್ರದ ಜಾಡು ಹಿಡಿದು ಕೆಲವರು ಬರುತ್ತಾರೆ, ಚಿನ್ನ, ಧೂಪ, ರಕ್ತಬೋಳ ಕೊಡುತ್ತಾರೆ. ಅವರು ರಾಜರೆಂದಾಗಲೀ ಮೂವರೆಂದಾಗಲೀ ಅಲ್ಲಿಲ್ಲ. ಕಾಣಿಕೆ ಮೂರು, ಆದ್ದರಿಂದ ತಂದವರೂ ಮೂವರು ಎಂದು ಜನ ಲೆಕ್ಕ ಹಾಕಿದರು. ಆಮೇಲೆ ಅವರಿಗೆ ಕಿರೀಟ ಬಂತು, ಕಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂದು ಹೆಸರು ಬಂತು, ಒಂಟೆ ಬಂತು. ಮೂಲದಲ್ಲಿ ಒಂದು ಸಾಲು ಇದ್ದರೆ ಹೇಳುವವರ ಬಾಯಲ್ಲಿ ಒಂದು ಪ್ರಸಂಗವೇ ಆಗುತ್ತದೆ. ನಮ್ಮ ರಾಮಾಯಣದ ಜನಪದ ಕಥೆಗಳೂ ಹೀಗೇ ಬೆಳೆದವಲ್ಲವೇ.

ಮೆನೊಟ್ಟಿ ಬೆಳೆದ ಇಟಲಿಯಲ್ಲಿ ಮಕ್ಕಳಿಗೆ ಉಡುಗೊರೆ ತರುವವನು ಸಾಂತಾಕ್ಲಾಸ್ ಆಗಿರಲಿಲ್ಲ, ಈ ಮೂವರು ರಾಜರು. ಅವರನ್ನು ನೋಡಲೇಬೇಕೆಂದು ಮೆನೊಟ್ಟಿ ಮತ್ತು ತಮ್ಮ ಎಚ್ಚರವಾಗಿರಲು ಹವಣಿಸುತ್ತಿದ್ದರು, ಪ್ರತಿ ಸಲವೂ ನಿದ್ದೆ ಹೋಗುತ್ತಿದ್ದರು. ಆದರೆ ಕತ್ತಲಲ್ಲಿ ದೂರದಿಂದ ಬರುವ ಹಾಡು, ಹಿಮದ ಮೇಲೆ ಒಂಟೆಯ ಹೆಜ್ಜೆಯ ಸದ್ದು ಕೇಳಿದ ನೆನಪು ಅವರಿಗಿತ್ತು. ಅವರಿಗೆ ಇಷ್ಟದವನು ಉದ್ದ ಬಿಳಿ ಗಡ್ಡದ ಮೆಲ್ಕಿಯೋರ್. ತಮ್ಮನಿಗೆ ಕಾಸ್ಪರ್. ಈ ಕಾಸ್ಪರ್‌ಗೆ ಕಿವಿ ಕೇಳುವುದಿಲ್ಲ ಎಂದು ಆ ತಮ್ಮ ಹೇಳುತ್ತಿದ್ದನಂತೆ. ಯಾಕೆಂದರೆ ಕೇಳಿದ ಉಡುಗೊರೆಗಳನ್ನೆಲ್ಲ ಅವನು ಯಾವತ್ತೂ ತಂದಿರಲಿಲ್ಲ! ಒಪೆರಾದಲ್ಲೂ ಕಾಸ್ಪರ್ ಕಿವುಡನೇ. ಎಲ್ಲರೂ ಎರಡೆರಡು ಸಲ ಹೇಳಬೇಕು.

ಬಾಲ್ಯದ ಇನ್ನೊಂದು ನೆನಪೂ ಈ ಕಥೆಯೊಳಗೆ ಸೇರಿದೆ. ಚಿಕ್ಕಂದಿನಲ್ಲಿ ಮೆನೊಟ್ಟಿಗೆ ಕಾಲು ಸರಿ ಇರಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ದಾದಿ ವರೇಸೆ ಊರಿನ ಮೇಲಿನ ಬೆಟ್ಟದ ಪುಣ್ಯಕ್ಷೇತ್ರಕ್ಕೆ ಕರೆದುಕೊಂಡು ಹೋದಳು, ಆಮೇಲೆ ನಡೆದಾಡುವಂತಾಯಿತು ಎಂದು ಹೇಳಿಕೊಂಡಿದ್ದಾರೆ. ಅಮಾಲ್ ಎಂಬ ಕುಂಟ ಹುಡುಗ ಎಲ್ಲಿಂದ ಬಂದ ಎಂದು ಇನ್ನು ಕೇಳಬೇಕಿಲ್ಲ.

ಈಗ ಕಥೆ. ಕುರಿ ಕಾಯುವವರ ಹಳ್ಳಿಯ ಒಂದು ಗುಡಿಸಲು. ಅಮಾಲ್‌ನ ಕೈಯಲ್ಲಿ ತಾನೇ ಮಾಡಿಕೊಂಡ ಊರುಗೋಲು. ಹೊರಗೆ ಕೂತು ಕೊಳಲೂದುತ್ತಿದ್ದಾನೆ. ತಾಯಿ ಒಳಗೆ ಕರೆಯುತ್ತಾಳೆ, ಇವನು ಬರುವುದಿಲ್ಲ. ಬಂದವನು ಆಕಾಶದಲ್ಲಿ ಕಿಟಕಿಯಷ್ಟು ದೊಡ್ಡ ನಕ್ಷತ್ರ ಇದೆ, ಅದಕ್ಕೆ ಬಾಲವೂ ಇದೆ ಎನ್ನುತ್ತಾನೆ. ತಾಯಿ ನಂಬುವುದಿಲ್ಲ. ಇವನು ಮೊದಲಿನಿಂದಲೂ ಸುಳ್ಳಿನ ಸರದಾರ. ಮನೆಯಲ್ಲಿ ತಿನ್ನಲು ಏನೂ ಇಲ್ಲ, ಒಲೆಗೆ ಸೌದೆ ಇಲ್ಲ, ಇದ್ದ ಕುರಿಗಳನ್ನು ಮಾರಿದ್ದಾಗಿದೆ. ನಾಳೆಯಿಂದ ಭಿಕ್ಷೆಗೆ ಹೋಗಬೇಕೇನೋ ಎಂದು ತಾಯಿ ಅಳುತ್ತಾಳೆ. ಅಮಾಲ್ ಸಮಾಧಾನ ಮಾಡುತ್ತಾನೆ: ಊರೂರು ಸುತ್ತೋಣ, ನೀನು ಹಾಡು, ನಾನು ಕೊಳಲೂದುತ್ತೇನೆ. ಅವನಿಗೆ ಅದೂ ಒಂದು ಆಟ.

ರಾತ್ರಿ ಬಾಗಿಲು ಬಡಿಯುತ್ತದೆ. ಅಮಾಲ್ ಹೋಗಿ ನೋಡಿ ಬಂದು, ಅಮ್ಮಾ, ಬಾಗಿಲಲ್ಲಿ ಒಬ್ಬ ರಾಜ ನಿಂತಿದ್ದಾನೆ ಎನ್ನುತ್ತಾನೆ. ಸುಳ್ಳು ಎಂದು ತಾಯಿ ಗದರುತ್ತಾಳೆ. ಇನ್ನೊಮ್ಮೆ ಹೋಗಿ ಬಂದು ಇಬ್ಬರು ರಾಜರು ಎನ್ನುತ್ತಾನೆ. ಮೂರನೇ ಸಲ ಮೂವರು, ಅದರಲ್ಲಿ ಒಬ್ಬ ಕಪ್ಪು ಬಣ್ಣದವನು. ಕೊನೆಗೆ ತಾಯಿ ತಾನೇ ಹೋಗಿ ನೋಡಿದರೆ ಅಷ್ಟೂ ನಿಜ! ಮಕ್ಕಳಿಗೆ ಈ ಭಾಗ ಓದಿ ನೋಡಿ, ಎರಡನೇ ಸಲಕ್ಕೇ ಮೂರನೆಯದನ್ನು ಅವರೇ ಕೂಗುತ್ತಾರೆ. ಕಾಸ್ಪರ್ ಹತ್ತಿರ ಒಂದು ಗಿಣಿ ಇದೆ, ಮೂರು ಖಾನೆಯ ಪೆಟ್ಟಿಗೆ ಇದೆ. ಮೊದಲನೆಯದರಲ್ಲಿ ಮಾಂತ್ರಿಕ ಹರಳುಗಳು, ಎರಡನೆಯದರಲ್ಲಿ ಮಣಿಗಳು, ಮೂರನೆಯದರಲ್ಲಿ ಲಿಕೊರಿಸ್, ಅಂದರೆ ನಮ್ಮ ಅತಿಮಧುರದ ಬೇರಿನಿಂದ ಮಾಡಿದ ಕಪ್ಪು ಮಿಠಾಯಿ. ಜೀವ ಉಳಿಸುವ ಹರಳುಗಳ ಪಕ್ಕದಲ್ಲೇ ಮಿಠಾಯಿ ಇಟ್ಟುಕೊಂಡ ರಾಜನನ್ನು ಯಾವ ಮಗು ತಾನೇ ಮರೆತೀತು.

ಅತಿಥಿಗಳು ಬಂದರು, ಕೊಡಲು ಏನೂ ಇಲ್ಲ. ಇದು ನಮ್ಮ ಯಾರಿಗೂ ವಿವರಿಸಬೇಕಾದ ಸಂಕಟವಲ್ಲ. ತಾಯಿ ಅಮಾಲ್‌ನನ್ನು ನೆರೆಹೊರೆಯವರನ್ನು ಕರೆತರಲು ಕಳಿಸುತ್ತಾಳೆ, ತಾನು ಸೌದೆ ಆಯಲು ಹೋಗುತ್ತಾಳೆ. ಕುರುಬರು ತಮ್ಮ ತಮ್ಮ ಮನೆಯಲ್ಲಿ ಇದ್ದಷ್ಟು ಹಣ್ಣು ಕಾಯಿ ಚೀಸು ತಂದು ರಾಜರ ಮುಂದಿಟ್ಟು ನಾಚಿಕೊಂಡು ನಿಲ್ಲುತ್ತಾರೆ, ಆಮೇಲೆ ಕುಣಿಯುತ್ತಾರೆ.

ಇದಕ್ಕೂ ಮುಂಚೆ ಒಂದು ಹಾಡಿದೆ. ರಾಜರು ತಾವು ಹುಡುಕುತ್ತಿರುವ ಮಗುವನ್ನು ಬಣ್ಣಿಸಿ, ಇಂಥ ಮಗುವನ್ನು ಕಂಡಿದ್ದೀಯಾ ಎಂದು ಕೇಳುತ್ತಾರೆ. ತಾಯಿ ಕಂಡಿದ್ದೇನೆ ಎನ್ನುತ್ತಾಳೆ. ಅವಳು ಹೇಳುವುದು ತನ್ನ ಮಗನ ವಿಷಯ. ಅವನು ಬಡವ, ಹಸಿದಿದ್ದಾನೆ, ಚಳಿಯಲ್ಲಿದ್ದಾನೆ, ಆದರೂ ಅವನಿಗೆ ಯಾರೂ ಚಿನ್ನ ತರುವುದಿಲ್ಲ, ಧೂಪ ತರುವುದಿಲ್ಲ. ರಾಜರು ದೇವರ ಮಗುವನ್ನು ಹಾಡುತ್ತಾರೆ, ಇವಳು ಮನೆಯ ಮಗುವನ್ನು ಹಾಡುತ್ತಾಳೆ. ಎರಡೂ ಒಟ್ಟಿಗೆ ಹೆಣೆದುಕೊಂಡು ಸಾಗುತ್ತವೆ, ಒಂದು ಇನ್ನೊಂದಕ್ಕೆ ಉತ್ತರ ಕೊಡುವುದಿಲ್ಲ. ಪುಸ್ತಕದಲ್ಲಿ ಇದು ಸಂಭಾಷಣೆಯಂತೆ ಒಂದರ ಕೆಳಗೊಂದು ಬರುತ್ತದೆ. ಎರಡು ದನಿ ಏಕಕಾಲಕ್ಕೆ ಕೇಳಿಸುವುದು ಸಂಗೀತದಲ್ಲಿ ಮಾತ್ರ ಸಾಧ್ಯ. ಪುಸ್ತಕ ಓದಿದ ಮೇಲೆ ದಯವಿಟ್ಟು ಈ ಭಾಗವನ್ನು ಕೇಳಿ.

ಎಲ್ಲರೂ ಮಲಗಿದ ಮೇಲೆ ತಾಯಿಗೆ ನಿದ್ದೆ ಬರುವುದಿಲ್ಲ. ಕಣ್ಣೆದುರಿಗೆ ಚಿನ್ನದ ರಾಶಿ ಇದೆ. ಅವಳು ಅದನ್ನು ನೋಡುತ್ತಾ ಹಾಡುತ್ತಾಳೆ. ಶ್ರೀಮಂತರಿಗೆ ಈ ಚಿನ್ನದಿಂದ ಏನು ಮಾಡಬಹುದೆಂದು ಗೊತ್ತೇ? ಒಂದು ಮಗುವಿನ ಹೊಟ್ಟೆ ತುಂಬಿಸಬಹುದು, ಒಂದು ಮನೆಯನ್ನು ಬೆಚ್ಚಗಿಡಬಹುದು ಎಂದು ಗೊತ್ತೇ? ಯಾರೋ ಕಾಣದ ಮಗುವಿಗೆ ಇಷ್ಟೆಲ್ಲ, ಕಣ್ಣ ಮುಂದಿನ ಮಗುವಿಗೆ ಏನೂ ಇಲ್ಲವೇ? ಸ್ವಲ್ಪ ತೆಗೆದರೆ ಅವರಿಗೆ ತಿಳಿಯುವುದೂ ಇಲ್ಲ. ‘ನನ್ನ ಮಗುವಿಗಾಗಿ’ ಎಂದುಕೊಳ್ಳುತ್ತಾ ಅವಳ ಕೈ ಮುಂದೆ ಹೋಗುತ್ತದೆ. ರಾಜರ ಸೇವಕ ಎಚ್ಚೆತ್ತು ಕೈ ಹಿಡಿದು ಕಳ್ಳಿ ಎಂದು ಕೂಗುತ್ತಾನೆ.

ಈ ದೃಶ್ಯದಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಬರೆದವರು ಅವಳಿಗೆ ಯಾವ ನೆಪವನ್ನೂ ಕೊಟ್ಟಿಲ್ಲ ಎಂಬುದು. ಅವಳಿಗೆ ಜ್ವರ ಇಲ್ಲ, ಭ್ರಮೆ ಇಲ್ಲ, ದುಷ್ಟರ ಬೋಧನೆ ಇಲ್ಲ. ಪೂರ್ತಿ ಎಚ್ಚರದಲ್ಲಿ ಲೆಕ್ಕ ಹಾಕಿ ಕದಿಯುತ್ತಾಳೆ. ಆ ಲೆಕ್ಕ ತಪ್ಪು ಎಂದು ಹೇಳುವುದು ಕೇಳುವವರಿಗೆ ಕಷ್ಟ.

ಗಲಾಟೆಗೆ ಅಮಾಲ್ ಏಳುತ್ತಾನೆ. ಅಮ್ಮನ ಕೈ ಹಿಡಿದವನನ್ನು ಕಂಡು ಅವನ ಮೇಲೆ ಬಿದ್ದು ಹೊಡೆಯುತ್ತಾನೆ. ಕಾಸ್ಪರ್‌ನ ಹತ್ತಿರ ಓಡಿ, ಅಮ್ಮ ಒಳ್ಳೆಯವಳು, ಸುಳ್ಳು ಹೇಳುವವನು ನಾನು, ಕಳ್ಳನೂ ನಾನೇ ಎನ್ನುತ್ತಾನೆ. ಆಗ ಮೆಲ್ಕಿಯೋರ್, ಚಿನ್ನ ನೀನೇ ಇಟ್ಟುಕೋ ತಾಯಿ, ನಾವು ನೋಡಲು ಹೊರಟ ಮಗುವಿಗೆ ಚಿನ್ನ ಬೇಕಾಗಿಲ್ಲ, ಅವನ ರಾಜ್ಯ ನಿಲ್ಲುವುದು ಪ್ರೀತಿಯ ಮೇಲೆ ಎನ್ನುತ್ತಾನೆ. ತಾಯಿ ಚಿನ್ನವನ್ನು ಹಿಂತಿರುಗಿಸಿ, ಅಂಥ ಅರಸನಿಗಾಗಿ ನಾನೂ ಜೀವನವಿಡೀ ಕಾದಿದ್ದೆ, ಬಡತನ ಇಲ್ಲದಿದ್ದರೆ ನನ್ನದೂ ಒಂದು ಕಾಣಿಕೆ ಕಳಿಸುತ್ತಿದ್ದೆ ಎನ್ನುತ್ತಾಳೆ. ಅಮಾಲ್ ಮುಂದೆ ಬರುತ್ತಾನೆ. ನನ್ನ ಊರುಗೋಲು ಕೊಡಲೇ, ಆ ಮಗುವಿಗೂ ಬೇಕಾದೀತು. ಕೋಲು ಎತ್ತಿ ಕೊಡಲು ಹೊರಟವನು ಹೆಜ್ಜೆ ಇಟ್ಟುಬಿಡುತ್ತಾನೆ, ಕೋಲಿಲ್ಲದೆ.

ರಾಜರು ಒಬ್ಬೊಬ್ಬರಾಗಿ ಅವನನ್ನು ಮುಟ್ಟಲು ಅನುಮತಿ ಕೇಳುತ್ತಾರೆ. ತಾಯಿಯ ಕೈ ತಿರುವಿದ ಆ ಸೇವಕನೂ ಕೇಳುತ್ತಾನೆ. ಅಮಾಲ್ ಬಿಗುಮಾನ ಮಾಡುತ್ತಾನೆ, ಅಮ್ಮ ಕಣ್ಣು ಬಿಟ್ಟ ಮೇಲೆ, ಸರಿ, ಒಂದೇ ಸಲ ಎನ್ನುತ್ತಾನೆ! ಇಂಥ ಸಣ್ಣ ತಮಾಷೆಗಳೇ ಕಥೆಯನ್ನು ಉಪದೇಶದಿಂದ ಕಾಪಾಡಿವೆ. ಪವಾಡದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ, ಹೇಳಿಬಿಡುತ್ತೇನೆ. ಅಂಗವೈಕಲ್ಯ ಇರುವ ಮಗು ಕಥೆಯಲ್ಲಿ ಬಂದರೆ ಕೊನೆಗೆ ಅದು ವಾಸಿಯಾಗಲೇಬೇಕು ಎಂಬ ಹಠ ಹಳೆಯ ಕಾಲದ್ದು, ಊರುಗೋಲು ಹಿಡಿದೇ ಓಡಾಡುವ ಮಗು ಇದನ್ನು ಓದಿದರೆ ಏನೆಂದುಕೊಂಡೀತು ಎನ್ನುವುದು ನನ್ನನ್ನು ಕಾಡುತ್ತದೆ. ಆದರೆ ಬರೆದವರದ್ದೇ ಬಾಲ್ಯದ ನೆನಪು ಅದರಲ್ಲಿದೆ ಎಂದು ಗೊತ್ತಾದ ಮೇಲೆ ಪೂರ್ತಿ ತಳ್ಳಿಹಾಕಲೂ ಮನಸ್ಸಾಗಲಿಲ್ಲ.

1951ರ ಡಿಸೆಂಬರ್ 24ರ ರಾತ್ರಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನ 8-ಎಚ್ ಸ್ಟುಡಿಯೋದಿಂದ ಇದು ನೇರ ಪ್ರಸಾರವಾಯಿತು. ಇವತ್ತಿನ ಹಾಗೆ ಮುದ್ರಿಸಿಕೊಂಡು, ತಿದ್ದಿ, ಹಾಕುವ ಸೌಲಭ್ಯ ಇಲ್ಲ. ಮೆನೊಟ್ಟಿ ಎಷ್ಟು ತಡ ಮಾಡಿದ್ದರೆಂದರೆ ಹಾಡುವವರ ಕೈಗೆ ಕೊನೆಯ ಪುಟಗಳು ಬಂದದ್ದು ಪ್ರಸಾರಕ್ಕೆ ಕೆಲವೇ ದಿನ ಇರುವಾಗ. ವಾದ್ಯಮೇಳಕ್ಕೆ ಬರೆಯುವ ಕೆಲಸದಲ್ಲಿ ಗೆಳೆಯ, ಸ್ವತಃ ದೊಡ್ಡ ಸಂಗೀತಗಾರ ಸ್ಯಾಮ್ಯುಯೆಲ್ ಬಾರ್ಬರ್ ಕೈಜೋಡಿಸಬೇಕಾಯಿತು. ಟೆಸ್ಟಿಂಗ್‌ಗೆ ಸಮಯವೇ ಇಲ್ಲದೆ ಹಬ್ಬದ ಹಿಂದಿನ ರಾತ್ರಿ ಗೋ-ಲೈವ್! ನಮ್ಮ ಆಫೀಸಿನಲ್ಲಿ ಯಾರೂ ಒಪ್ಪುವುದಿಲ್ಲ. ವಾದ್ಯಮೇಳ ನಡೆಸಿದ ಥಾಮಸ್ ಶಿಪ್ಪರ್ಸ್‌ಗೆ ಆಗ ಇನ್ನೂ ಇಪ್ಪತ್ತರ ಆಸುಪಾಸು. ಅಮಾಲ್ ಆಗಿ ಹಾಡಿದ ಚೆಟ್ ಅಲೆನ್‌ಗೆ 12 ವರ್ಷ. ಒಪೆರಾಗಳಲ್ಲಿ ಹುಡುಗರ ಪಾತ್ರವನ್ನು ಸಾಮಾನ್ಯವಾಗಿ ಹೆಂಗಸರು ಹಾಡುತ್ತಾರೆ. ಇಲ್ಲಿ ಹಾಗಾಗಬಾರದು, ಅಮಾಲ್ ಯಾವಾಗಲೂ ಹುಡುಗನೇ ಆಗಿರಬೇಕು ಎಂದು ಮೆನೊಟ್ಟಿ ಸ್ವರಲಿಪಿಯ ಪುಸ್ತಕದಲ್ಲೇ ಅಚ್ಚು ಹಾಕಿಸಿದರು. ತಾಯಿಯಾಗಿ ಹಾಡಿದವರು ರೋಸ್‌ಮೆರಿ ಕೂಲ್‌ಮನ್. ಆ ರಾತ್ರಿ ಸುಮಾರು 50 ಲಕ್ಷ ಜನ ನೋಡಿದರೆಂದು ಅಂದಾಜು. ಒಪೆರಾ ಮಂದಿರದ ಟಿಕೆಟ್ ಕೊಳ್ಳುವುದು ಎಷ್ಟೋ ಮನೆಗಳಿಗೆ ಆಗದ ಮಾತಾಗಿದ್ದಾಗ, ಒಪೆರಾ ತಾನಾಗಿ ಬಂದು ಪಡಸಾಲೆಯಲ್ಲಿ ಕೂತಿತು. ಖರ್ಚು ಹೊತ್ತದ್ದು ಹಾಲ್‌ಮಾರ್ಕ್ ಎಂಬ ಶುಭಾಶಯ ಪತ್ರಗಳ ಕಂಪನಿ. ಎರಡು ತಿಂಗಳೊಳಗೆ, 1952ರ ಫೆಬ್ರವರಿಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅದು ರಂಗಕ್ಕೂ ಏರಿತು.

ಅದೇ 1952ರಲ್ಲಿ ಮಕ್ಕಳ ಪುಸ್ತಕ ಬಂತು. ನನಗೆ ಸಿಕ್ಕಿದ್ದಲ್ಲ, ಅದಕ್ಕಿಂತ ಮೊದಲಿನದು. ಚಿತ್ರ ಬರೆದವರು ರೋಜರ್ ಡುವ್ವಾಸಾನ್, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು, ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಕ್ಯಾಲ್ಡಿಕಾಟ್ ಪದಕವನ್ನು 1948ರಲ್ಲಿ ಪಡೆದವರು. ಕಥೆಯನ್ನು ಗದ್ಯಕ್ಕೆ ತಂದವರು ಫ್ರಾನ್ಸಿಸ್ ಫ್ರಾಸ್ಟ್. ಗಂಡಸಿನ ಹೆಸರಿರಬಹುದು ಎಂದು ಮೊದಲು ಅನ್ನಿಸುತ್ತದೆ, ಇವರು ಹೆಣ್ಣು. ನಿಜ ಹೇಳಬೇಕೆಂದರೆ, ನನ್ನ ಈ ಲೇಖನಕ್ಕೆ ಕಾರಣ ಇವರೇ.

ಫ್ರಾನ್ಸಿಸ್ ಫ್ರಾಸ್ಟ್ 1905ರಲ್ಲಿ ವರ್ಮಾಂಟ್ ಸಂಸ್ಥಾನದ ಸೇಂಟ್ ಆಲ್ಬನ್ಸ್ ಊರಿನಲ್ಲಿ ಹುಟ್ಟಿದವರು. ಹೊಸ ಕವಿಗಳಿಗೆಂದು ಯೇಲ್ ವಿಶ್ವವಿದ್ಯಾಲಯ ನಡೆಸುವ ಮಾಲೆಯಲ್ಲಿ 1929ರಲ್ಲಿ ಅವರ ಮೊದಲ ಕವನ ಸಂಕಲನ ಬಂತು. ಕಾದಂಬರಿ ಬರೆದರು, ಮಕ್ಕಳಿಗೆ ಕುದುರೆಮರಿಯ ಕಥೆಗಳನ್ನು ಬರೆದರು. ಮದುವೆ ಉಳಿಯಲಿಲ್ಲ. ಮಗ ಪಾಲ್ ಬ್ಲ್ಯಾಕ್‌ಬರ್ನ್‌ಗೆ ಇನ್ನೂ ನಾಲ್ಕು ತುಂಬಿರಲಿಲ್ಲ, ಆಗಲೇ ಗಂಡ ಹೆಂಡತಿ ಬೇರೆಯಾದರು. ಮಗು ಬೆಳೆದದ್ದು ತಾಯಿಯ ತವರಿನಲ್ಲಿ, ಶಿಸ್ತಿನ ಅಜ್ಜ ಅಜ್ಜಿಯ ಹತ್ತಿರ. ಹುಡುಗನಿಗೆ ಹದಿನಾಲ್ಕರ ಹೊತ್ತಿಗೆ ತಾಯಿ ಅವನನ್ನು ನ್ಯೂಯಾರ್ಕಿಗೆ ತನ್ನ ಬಳಿಗೆ ಕರೆಸಿಕೊಂಡರು. ಅವನೂ ಮುಂದೆ ಹೆಸರಾಂತ ಕವಿಯಾದ. ಮಗುವನ್ನು ತವರಿನಲ್ಲಿ ಬಿಟ್ಟು ದುಡಿಯಲು ನಗರಕ್ಕೆ ಬಂದ ಹೆಂಗಸರನ್ನು ನಾವು ಪುಣೆಯಲ್ಲಿ ದಿನವೂ ನೋಡುತ್ತೇವೆ. ನಮ್ಮ ಸಂಘದಲ್ಲೂ ಇದ್ದಾರೆ, ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವವರಲ್ಲಿ ಇನ್ನೂ ಹೆಚ್ಚು ಇದ್ದಾರೆ. ಫ್ರಾಸ್ಟ್ ಆ ತಾಯಿಯ ಹಾಡನ್ನು ಗದ್ಯಕ್ಕೆ ಇಳಿಸುವಾಗ ಏನು ಯೋಚಿಸಿದರೋ ಯಾರಿಗೂ ತಿಳಿಯದು. ಮಾಡಿದ್ದೇನು ಎಂಬುದು ಪುಸ್ತಕದ ಮೇಲೆಯೇ ಅಚ್ಚಾಗಿದೆ: ಒಪೆರಾದ ಸಂಭಾಷಣೆಯನ್ನು ಇದ್ದದ್ದು ಇದ್ದಂತೆ ಉಳಿಸಿಕೊಂಡ ಕಥಾರೂಪ. ಅಂದರೆ ಮಕ್ಕಳ ಪುಸ್ತಕ ಎಂಬ ಕಾರಣಕ್ಕೆ ಕಳ್ಳತನವನ್ನು ಬಿಟ್ಟಿಲ್ಲ. ತಾಯಿಯ ಕೋಪವನ್ನೂ ಬಿಟ್ಟಿಲ್ಲ.

ಇದರಲ್ಲೇನು ವಿಶೇಷ ಎನ್ನುವವರಿಗೆ ಇನ್ನೊಂದು ಕ್ರಿಸ್‌ಮಸ್ ಒಪೆರಾ ನೆನಪಿಸುತ್ತೇನೆ. ಎಂಗೆಲ್‌ಬರ್ಟ್ ಹುಂಪರ್ಡಿಂಕ್ ಅವರ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’, 1893ರ ಡಿಸೆಂಬರ್ 23ರಂದು ಜರ್ಮನಿಯ ವೈಮಾರ್‌ನಲ್ಲಿ ಮೊದಲು ಆಡಿದ್ದು. ಅದನ್ನು ಬರೆದದ್ದೂ ಒಬ್ಬ ತಾಯಿ. ಹುಂಪರ್ಡಿಂಕ್‌ನ ತಂಗಿ ಆಡೆಲ್‌ಹೈಡ್ ವೆಟ್ಟೆ, ತನ್ನ ಮಕ್ಕಳು ಮನೆಯಲ್ಲಿ ಆಡಲೆಂದು ಸಣ್ಣ ನಾಟಕ ಬರೆದು, ಹಾಡುಗಳಿಗೆ ರಾಗ ಹಾಕಿಕೊಡು ಎಂದು ಅಣ್ಣನನ್ನು ಕೇಳಿದಳು. ಅದು ಬೆಳೆದು ಒಪೆರಾ ಆಯಿತು. ಕಥೆ ಗ್ರಿಮ್ ಸಹೋದರರ ಸಂಗ್ರಹದ್ದು. 1812ರ ಮೊದಲ ಮುದ್ರಣದಲ್ಲಿ ಹಸಿವಿಗೆ ಹೆದರಿ ಮಕ್ಕಳನ್ನು ಕಾಡಿನಲ್ಲಿ ಬಿಟ್ಟು ಬರೋಣ ಎನ್ನುವವಳು ಹೆತ್ತ ತಾಯಿ. ಆಮೇಲೆ ಗ್ರಿಮ್ ಸಹೋದರರಿಗೇ ಅದು ಸರಿ ಕಾಣಲಿಲ್ಲವೇನೋ, 1840ರ ಮುದ್ರಣಕ್ಕೆ ಅವಳನ್ನು ಮಲತಾಯಿ ಮಾಡಿದರು. ವೆಟ್ಟೆ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅವಳ ನಾಟಕದಲ್ಲಿ ತಾಯಿ ಮಕ್ಕಳ ಆಟ ಕಂಡು ಸಿಟ್ಟಿಗೇಳುತ್ತಾಳೆ, ಆ ರಭಸದಲ್ಲಿ ಮನೆಯಲ್ಲಿದ್ದ ಒಂದೇ ಒಂದು ಹಾಲಿನ ಪಾತ್ರೆ ಬಿದ್ದು ಒಡೆಯುತ್ತದೆ, ಮಕ್ಕಳನ್ನು ಕಾಡಿಗೆ ಸ್ಟ್ರಾಬೆರಿ ಆಯಲು ಓಡಿಸುತ್ತಾಳೆ, ಆಮೇಲೆ ಅಳುತ್ತಾಳೆ. ಗಂಡ ಬುಟ್ಟಿ ತುಂಬ ತಿನಿಸು ತಂದು ಮಾಟಗಾತಿಯ ವಿಷಯ ಹೇಳಿದ ಕೂಡಲೇ ಇಬ್ಬರೂ ಮಕ್ಕಳನ್ನು ಹುಡುಕಲು ಓಡುತ್ತಾರೆ. ಕ್ರೌರ್ಯವೆಲ್ಲ ಮಾಟಗಾತಿಯ ಪಾಲಾಯಿತು.

ನಾನು ವೆಟ್ಟೆಯನ್ನು ದೂರುತ್ತಿಲ್ಲ. ತನ್ನ ಮಕ್ಕಳೇ ಆಡುವ ನಾಟಕದಲ್ಲಿ ತಾಯಿಯನ್ನು ಕೊಲೆಗಾರ್ತಿ ಮಾಡಲು ಯಾರಿಗೆ ಮನಸ್ಸು ಬಂದೀತು. ಆದರೆ ಗಮನಿಸಿ, ಹಸಿವು ಮನುಷ್ಯರನ್ನು ಏನು ಮಾಡಿಸುತ್ತದೆ ಎಂಬ ವಿಷಯವೇ ಮೂರು ಹಂತದಲ್ಲಿ ಕಥೆಯಿಂದ ಜಾರಿಹೋಯಿತು. 1931ರ ಕ್ರಿಸ್‌ಮಸ್ ದಿನ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಿಂದ ರೇಡಿಯೊದಲ್ಲಿ ಪೂರ್ತಿಯಾಗಿ ಪ್ರಸಾರವಾದ ಮೊದಲ ಒಪೆರಾ ಈ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’, ಅದೂ ಎನ್‌ಬಿಸಿಯಲ್ಲೇ. ಮಹಾ ಆರ್ಥಿಕ ಕುಸಿತದ ಕಾಲ, ನಗರಗಳಲ್ಲಿ ರೊಟ್ಟಿಗಾಗಿ ಸಾಲುಗಳು ನಿಂತಿದ್ದ ಕಾಲ. ಇಪ್ಪತ್ತು ವರ್ಷದ ನಂತರ ಅದೇ ಎನ್‌ಬಿಸಿಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ, ಸಮೃದ್ಧಿಯ ದಿನಗಳಲ್ಲಿ, ಹಬ್ಬದ ಊಟ ಮುಗಿಸಿ ಕೂತವರ ಮುಂದೆ ಮೆನೊಟ್ಟಿಯ ತಾಯಿ ಚಿನ್ನಕ್ಕೆ ಕೈ ಹಾಕಿದಳು.

ಆಮೇಲೆ ವರ್ಷ ವರ್ಷವೂ ಪ್ರಸಾರ ನಡೆಯಿತು. 1963ರಲ್ಲಿ ಮೆನೊಟ್ಟಿ ಊರಿನಲ್ಲಿ ಇಲ್ಲದಾಗ ಅವರನ್ನು ಬಿಟ್ಟು ಎನ್‌ಬಿಸಿ ಹೊಸದಾಗಿ ಚಿತ್ರೀಕರಿಸಿತು. ಅವರಿಗೆ ಅದು ಹಿಡಿಸಲಿಲ್ಲ. 1966ರಲ್ಲಿ ಹಕ್ಕು ತಮ್ಮ ಕೈಗೆ ವಾಪಸ್ ಬಂದ ಮೇಲೆ ಮತ್ತೆ ಆ ಆವೃತ್ತಿಯನ್ನು ತೋರಿಸಲು ಬಿಡಲಿಲ್ಲ. ಹೀಗೆ ಟಿವಿಗೆಂದೇ ಹುಟ್ಟಿದ ಒಪೆರಾ ಟಿವಿಯಿಂದ ಹೊರಬಂದು ಶಾಲೆಗಳಲ್ಲಿ, ಚರ್ಚುಗಳ ಸಭಾಂಗಣಗಳಲ್ಲಿ, ಹವ್ಯಾಸಿ ತಂಡಗಳಲ್ಲಿ ಬದುಕಿತು. ದೊಡ್ಡ ರಂಗಸಜ್ಜಿಕೆ ಬೇಡ, ಒಂದು ಗುಡಿಸಲು ಸಾಕು, ಊರಿನ ಗಾಯಕರೆಲ್ಲ ಕುರುಬರಾಗಬಹುದು. 1978ರಲ್ಲಿ ತೆರೇಸಾ ಸ್ಟ್ರಾಟಾಸ್ ತಾಯಿಯಾಗಿ ಹಾಡಿದ ಹೊಸ ಚಿತ್ರ ಬಂತು. ನಾನು ನೋಡಿದ್ದು ಅದನ್ನೇ. ಕಳ್ಳತನದ ಹಾಡಿನಲ್ಲಿ ಅವರ ಮುಖ ನೋಡಿದ ಮೇಲೆ ಎದ್ದು ಹೋಗಿ ಮಲಗಿದ್ದ ಮಗಳ ಹೊದಿಕೆ ಸರಿ ಮಾಡಿ ಬಂದೆ. ಯಾಕೆಂದು ಕೇಳಬೇಡಿ.

1986ರ ಪುಸ್ತಕ, ನನ್ನ ಹತ್ತಿರ ಇರುವುದು, ಮೆನೊಟ್ಟಿಯವರ ಹೆಸರಿನಲ್ಲೇ ಬಂದಿದೆ. ಲೆಮಿಯೂ ಆಗ ಮೂವತ್ತರ ಆಸುಪಾಸಿನವರು, ಹತ್ತು ವರ್ಷದ ನಂತರ ‘ಸ್ಟಾರ್ಮಿ ನೈಟ್’ ಎಂಬ ಪುಸ್ತಕದಿಂದ ಜಗತ್ತಿಗೇ ಪರಿಚಯವಾದರು. ಚಿತ್ರದ ಪುಸ್ತಕಕ್ಕೆ ಒಂದು ಅನುಕೂಲ ಇದೆ, ಸಂಗೀತಕ್ಕೆ ಅದಿಲ್ಲ. ಒಂದು ಪುಟದಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನನ್ನ ಮಗಳು ರಾಜರ ಪೆಟ್ಟಿಗೆಯ ಹತ್ತಿರ ನಿಲ್ಲುತ್ತಾಳೆ. ತಾಯಿ ಕದಿಯುವ ಹತ್ತಿರ ಮೊದಲ ಸಲ ಓದಿದಾಗ ‘ಅಮ್ಮ, ಅವರಿಗೆ ತುಂಬಾ ಹಸಿವಾಗಿತ್ತಲ್ವಾ?’ ಎಂದು ಕೇಳಿ, ನಾನು ಹೂಂ ಎನ್ನುವಷ್ಟರಲ್ಲಿ ಪುಟ ತಿರುಗಿಸಿದಳು. ಕಳ್ಳತನ ತಪ್ಪು ಎಂದು ಹೇಳಿಕೊಡಬೇಕು ಎಂದುಕೊಂಡಿದ್ದ ನನ್ನ ಭಾಷಣ ಬಾಯಲ್ಲೇ ಉಳಿಯಿತು.

ಈಗ ಇದನ್ನು ಕನ್ನಡದಲ್ಲಿ ಹೇಳಿ ನೋಡುತ್ತಿದ್ದೇನೆ, ಸಂಘದ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ. ರಾಜರನ್ನು ರಾಜರು ಎನ್ನುವುದೋ ಜೋಯಿಸರು ಎನ್ನುವುದೋ ಎಂಬ ಗೊಂದಲ ಇತ್ತು, ರಾಜರು ಎಂದೇ ಇಟ್ಟುಕೊಂಡೆ. ಅಮಾಲ್ ತಾಯಿಯನ್ನು ‘ಅವ್ವಾ’ ಎಂದು ಕರೆದರೆ ಸರಿಹೋಗುತ್ತದೆ, ಕುರಿ ಕಾಯುವವರ ಮನೆಗೆ ಅದೇ ಚೆಂದ. ಆದರೆ ಆ ಅವ್ವನ ಹೆಸರೇನು ಎಂದು ಹುಡುಗರು ಕೇಳಿದರು. ಮೂವರು ರಾಜರಿಗೂ ಹೆಸರಿದೆ, ಮಗನಿಗೆ ಹೆಸರಿದೆ. ಒಪೆರಾದಲ್ಲಿ ಅವಳು ಬರೀ ತಾಯಿ. ಫ್ರಾಸ್ಟ್ ಕೂಡ ಹೆಸರಿಡಲಿಲ್ಲ.

ಕೊನೆಯಲ್ಲಿ ಅಮಾಲ್ ತಾನೇ ಹೋಗಿ ಊರುಗೋಲು ಕೊಟ್ಟು ಬರುತ್ತೇನೆ ಎನ್ನುತ್ತಾನೆ. ತಾಯಿ ಒಪ್ಪುತ್ತಾಳೆ. ಹೊರಡುವ ಗಡಿಬಿಡಿಯಲ್ಲಿ ಕಿವಿ ತೊಳೆದುಕೋ, ಸುಳ್ಳು ಹೇಳಬೇಡ ಎಂದೆಲ್ಲ ಹೇಳುತ್ತಾಳೆ, ಅವನು ಬೆಕ್ಕಿನ ಚಿಂತೆ ಮಾಡುತ್ತಾನೆ. ಬೆಳಗಾಗುತ್ತಿದೆ. ಮೂವರು ರಾಜರ ಹಿಂದೆ ಕೊಳಲೂದುತ್ತಾ ಮಗ ದೂರವಾಗುತ್ತಾನೆ, ಅವಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳೆ. ಚಿನ್ನ ರಾಜರ ಜೊತೆ ಹೋಯಿತು. ಒಲೆಯಲ್ಲಿ ರಾತ್ರಿ ಆಯ್ದು ತಂದ ಸೌದೆಯ ಬೂದಿ, ಕುರುಬರು ತಂದದ್ದರಲ್ಲಿ ಏನಾದರೂ ಉಳಿದಿದ್ದರೆ ಅದು. ಮಗ ಯಾವಾಗ ವಾಪಸ್ ಬರುತ್ತಾನೆ ಎಂದು ಒಪೆರಾದಲ್ಲೂ ಇಲ್ಲ, ಎರಡು ಪುಸ್ತಕಗಳಲ್ಲೂ ಇಲ್ಲ.